ಕಡಲಿನ ದೀಪ ಕರೆಯಲ್ಲೇ ಆರಲಿ

ಜೂನ್ 1 ಬಂತೆಂದರೆ ಗಂಗೊಳ್ಳಿ ಬಂದರಿನಲ್ಲಿ ಟ್ರಾಲ್ ಬೋಟ್, ಪರ್ಸಿನ್ ಬೋಟ್‌ಗಳೆಲ್ಲ ಒಂದಕ್ಕೊಂದು ತಾಗಿಕೊಂಡು ನಿಲ್ಲುತ್ತವೆ. ಜುಲೈ 31ರವರೆಗೆ, 61 ದಿನ, ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಅಳಿವೆಯ ಈಚೆ ದಡದ ಕೋಡಿಯಲ್ಲಿ ನಾಡದೋಣಿಯವರಿಗೆ ಇದೇ ದುಡಿಮೆಯ ಕಾಲ. 10 ಅಶ್ವಶಕ್ತಿಯೊಳಗಿನ ಮೋಟಾರಿಗೆ ಅನುಮತಿ ಇದೆ.

ಈ ನಿಷೇಧವನ್ನು ಕರಾವಳಿ ಬಹುಮಟ್ಟಿಗೆ ಪಾಲಿಸುತ್ತದೆ. 1986ರ ಕರ್ನಾಟಕ ಸಮುದ್ರ ಮೀನುಗಾರಿಕೆ ನಿಯಂತ್ರಣ ಕಾಯ್ದೆಯ ಭಯ ಒಂದೇ ಅದಕ್ಕೆ ಕಾರಣವಲ್ಲ. ಮಳೆಗಾಲದ ಅಬ್ಬರ ಇಳಿದ ಮೇಲೆ ಸಮುದ್ರಪೂಜೆ ಮಾಡಿ ಕಡಲಿಗಿಳಿಯುವ ಪದ್ಧತಿ ಕಾಯ್ದೆಗಿಂತ ಹಳೆಯದು. ಬೈಗೆ, ಬಂಗುಡೆ ಮೊಟ್ಟೆಯಿಡುವುದೂ ಹೆಚ್ಚಾಗಿ ಮಳೆಗಾಲದಲ್ಲೇ. ಮೇಲಾಗಿ, ಕಟ್ಟಿದ ಬೋಟ್ ಎಲ್ಲರ ಕಣ್ಣೆದುರೇ ಇರುತ್ತದೆ. ಒಂದು ಕದಲಿದರೂ ಊರಿಗೆ ಗೊತ್ತಾಗುತ್ತದೆ.

ಇನ್ನೊಂದು ನಿಷೇಧಕ್ಕೆ ಈ ಭಾಗ್ಯವಿಲ್ಲ. ಎಲ್‌ಇಡಿ ದೀಪ ಹಾಕಿ ಮೀನು ಹಿಡಿಯುವುದನ್ನೂ ಬುಲ್ ಟ್ರಾಲ್ ಮೀನುಗಾರಿಕೆಯನ್ನೂ ಕೇಂದ್ರ ಸರ್ಕಾರ 2017ರ ನವೆಂಬರ್‌ನಲ್ಲೇ ನಿಷೇಧಿಸಿತು. ಆದರೂ ಲೈಟ್ ಫಿಶಿಂಗ್ ನಿಂತಿಲ್ಲ. ಜನರೇಟರ್ ಹೊತ್ತ ಬೋಟ್ ಕತ್ತಲಲ್ಲಿ ಪ್ರಖರ ದೀಪ ಉರಿಸುತ್ತದೆ; ಬೆಳಕಿಗೆ ಸೇರಿದ ಮೀನಿನ ಸುತ್ತ ಬಲೆ ಬೀಳುತ್ತದೆ. ದೊಡ್ಡದು, ಮರಿ, ಮೊಟ್ಟೆ ಹೊತ್ತದ್ದು ಎಲ್ಲ ಒಟ್ಟಿಗೇ ಮೇಲೆ ಬರುತ್ತದೆ. ಮಾರಲಾಗದ ಮರಿ ಮೀನು ಫಿಶ್‌ಮೀಲ್ ಕಾರ್ಖಾನೆಗೆ. ಮರುದಿನ ಕರೆಯ ಹತ್ತಿರ ಬಲೆ ಬೀಸುವ ನಾಡದೋಣಿಯವನ ಪಾಲಿಗೆ ಏನು ಉಳಿಯಬೇಕು? ಅವನು ಬೀದಿಗಿಳಿದು ಪ್ರತಿಭಟಿಸಿದ್ದು ಒಂದೆರಡು ಸಲವಲ್ಲ.

ಸಾಲ ಮಾಡಿ ಬೋಟ್ ಇಳಿಸಿದವರ ಸಂಕಟವೂ ನಿಜ. ಡೀಸೆಲ್ ಖರ್ಚು ಹುಟ್ಟದ ದಿನಗಳಿವೆ. ಹಾಗೆಂದು ನಾಳೆಯ ಮೀನನ್ನು ಇವತ್ತೇ ಬಾಚಿದರೆ ಆ ಸಾಲ ತೀರುವುದಿಲ್ಲ. ಬರುವ ವರ್ಷ ಅದೇ ಬೋಟ್ ಖಾಲಿ ಬರುತ್ತದೆ.

ರಾತ್ರಿ ನಡುಗಡಲಲ್ಲಿ ಹಿಡಿಯುವುದು ಕಷ್ಟ ಎಂಬ ಮಾತು ಅಧಿಕಾರಿಗಳಿಂದ ಕೇಳುತ್ತಲೇ ಇರುತ್ತೇವೆ. ಒಪ್ಪೋಣ. ಆದರೆ ಜನರೇಟರ್ ಸಮುದ್ರದಲ್ಲಿ ಹುಟ್ಟುವುದಿಲ್ಲ, ಜೆಟ್ಟಿಯಲ್ಲೇ ಬೋಟಿಗೆ ಏರುತ್ತದೆ. ಮಳೆಗಾಲದ ನಿಷೇಧ ಮುರಿದ ಬೋಟಿಗೆ ಒಂದು ವರ್ಷ ಕರರಹಿತ ಡೀಸೆಲ್ ಇಲ್ಲ ಎಂಬ ಷರತ್ತಿದೆಯಲ್ಲ, ಅದೇ ಬಿಗಿ ದೀಪದ ಬೋಟಿಗೂ ಬೀಳಲಿ. ಆಗಸ್ಟ್ 1ರಂದು ಮೊದಲ ಬೋಟ್ ಅಳಿವೆ ದಾಟುವ ಮುನ್ನ ಮೀನುಗಾರಿಕೆ ಇಲಾಖೆ ಮತ್ತು ಕರಾವಳಿ ಕಾವಲು ಪೊಲೀಸರು ಗಂಗೊಳ್ಳಿಯಲ್ಲೂ ಮಲ್ಪೆಯಲ್ಲೂ ಒಂದೊಂದು ಬೋಟನ್ನೂ ಹತ್ತಿ ನೋಡಲಿ. ಆ ತಪಾಸಣೆಯಲ್ಲಿ ನಾಡದೋಣಿಯವರ ಪ್ರತಿನಿಧಿಯೂ ಜೊತೆಗಿರಲಿ.