ಒದ್ದೆಯಾದ ಹಾಸಿಗೆ ಮೈಲಿಗೆಯಲ್ಲ

ಲಕ್ವ ಹೊಡೆದವರ ಮನೆಗೆ ಹೋದಾಗ ನಾವು ಕೇಳುವುದು ಮೂರೇ ಮಾತು: ಕೈ ಆಡುತ್ತದೆಯೇ, ಕಾಲು ಊರುತ್ತಾರೆಯೇ, ಮಾತು ಬಂತೇ? ಮೂತ್ರ ಹಿಡಿತದಲ್ಲಿದೆಯೇ ಎಂದು ಯಾರೂ ಕೇಳುವುದಿಲ್ಲ, ಮನೆಯವರೂ ಹೇಳುವುದಿಲ್ಲ. ಪಾರ್ಶ್ವವಾಯುವಿನಿಂದ ಆಸ್ಪತ್ರೆ ಸೇರಿದವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನರಿಗೆ ಈ ತೊಂದರೆ ಇರುತ್ತದೆ. ವರ್ಷ ಕಳೆದ ಮೇಲೂ ನೂರಕ್ಕೆ ಸುಮಾರು 15 ಮಂದಿಯಲ್ಲಿ ಅದು ಉಳಿಯುತ್ತದೆ. ಹಲವರಿಗೆ ಗುಣವಾಗುತ್ತದೆ ಎಂಬುದನ್ನೂ ಇದರಿಂದ ತಿಳಿಯಬೇಕು.

ನಂದಿದುರ್ಗ ಗಣಿಯ ಸುತ್ತಲಿನ ಲೈನ್ ಮನೆಗಳಲ್ಲಿ ಈ ಕಷ್ಟ ಇಮ್ಮಡಿ. 2001ರ ಫೆಬ್ರವರಿ 28ರಂದು ಕೋಲಾರದ ಚಿನ್ನದ ಗಣಿಗಳು ಮುಚ್ಚಿದವು. ಅಂದು ಕೆಲಸ ಕಳೆದುಕೊಂಡವರು ಈಗ ಲಕ್ವದ ಭಯವಿರುವ ವಯಸ್ಸಿನವರು. ಮನೆಗಳು ಇಕ್ಕಟ್ಟು, ಶೌಚಾಲಯ ಎಷ್ಟೋ ಕಡೆ ಹೊರಗೆ. ಮಕ್ಕಳು ಬೆಳಗಿನ ರೈಲು ಹಿಡಿದು ಬಂಗಾರಪೇಟೆಯ ಮೇಲೆ ಬೆಂಗಳೂರಿಗೆ ದುಡಿಯಲು ಹೋದರೆ ಮರಳುವುದು ರಾತ್ರಿಗೆ. ಹಗಲಿಡೀ ಎತ್ತಿ ಕೂರಿಸಲು ವಯಸ್ಸಾದ ಹೆಂಡತಿಯೊಬ್ಬಳೇ. ಅವಳಿಗೆ ತೊಂದರೆಯೆಂದು ರೋಗಿ ನೀರು ಕುಡಿಯುವುದನ್ನೇ ಬಿಡುತ್ತಾನೆ. ಆಗ ಮೂತ್ರ ಗಾಢವಾಗಿ ಉರಿಯುತ್ತದೆ, ಮಲ ಕಟ್ಟುತ್ತದೆ, ಸೋಂಕು ಸೇರುತ್ತದೆ. ಸೋರುವುದು ಇನ್ನೂ ಹೆಚ್ಚುತ್ತದೆ.

ಬಹಳ ಸಲ ಕೆಟ್ಟಿರುವುದು ಮೂತ್ರಕೋಶವಲ್ಲ. ಅದನ್ನು ತಡೆದು ನಿಲ್ಲಿಸುವ ಮೆದುಳಿನ ಭಾಗಕ್ಕೆ ಪೆಟ್ಟಾಗಿದೆ. ಕೆಲವರು ಹಿಡಿತವಿದ್ದರೂ ಎದ್ದು ಹೋಗಲಾರರು, ಮಾತು ಬಿದ್ದು ಹೇಳಲಾರರು. ಹಗಲಲ್ಲಿ ಎರಡು ಗಂಟೆಗೊಮ್ಮೆ, ಅವಸರವಾಗುವ ಮುನ್ನವೇ ಕೂರಿಸುವುದು. ವೈದ್ಯರು ಬೇಡವೆನ್ನದಿದ್ದರೆ ನೀರು ಸಾಕಷ್ಟು ಕುಡಿಸಿ ಸಂಜೆಯ ಚಹಾ, ಕಾಫಿ ತಗ್ಗಿಸುವುದು. ಮಂಚದ ಪಕ್ಕ ಕಮೋಡ್ ಕುರ್ಚಿ ಇಡುವುದು. ಗುಂಡಿಯ ಬದಲು ಎಲಾಸ್ಟಿಕ್ ಬಟ್ಟೆ ತೊಡಿಸುವುದು, ಒದ್ದೆಯಾದರೆ ಕೂಡಲೇ ಬದಲಿಸುವುದು: ಇಷ್ಟರಿಂದಲೇ ಎಷ್ಟೋ ಹಗುರಾಗುತ್ತದೆ. ಉರಿ, ಜ್ವರ ಬಂದರೆ, ಮೂತ್ರ ಕಟ್ಟಿದರೆ ವೈದ್ಯರಲ್ಲಿಗೆ ಹೋಗಲೇಬೇಕು. ತೂರುನಳಿಕೆಯನ್ನು ಅನುಕೂಲಕ್ಕೆಂದು ಕಾಯಂ ಬಿಡಬಾರದು. ಅದು ಸೋಂಕಿನ ದಾರಿ.

ಇದಕ್ಕಿಂತ ದೊಡ್ಡ ನೋವು ಇನ್ನೊಂದಿದೆ. ಮೈ ಒದ್ದೆಯಾಗುತ್ತದೆಂದು ಇಷ್ಟಲಿಂಗ ಮುಟ್ಟಲು ಹಿಂಜರಿಯುವ, ಮಠದ ಮೆಟ್ಟಿಲು ಹತ್ತುವುದನ್ನೇ ಬಿಡುವ ಹಿರಿಯರಿದ್ದಾರೆ. ಬಸವಾದಿ ಶರಣರು ಪಂಚಸೂತಕಗಳನ್ನು ತಳ್ಳಿಹಾಕಿ ಎಂಟು ಶತಮಾನ ಮೀರಿತು. ಹೆತ್ತವಳಿಗೂ ಮುಟ್ಟಾದವಳಿಗೂ ಇಲ್ಲದ ಮೈಲಿಗೆ, ಮೆದುಳಿಗೆ ಪೆಟ್ಟು ಬಿದ್ದವನಿಗೆ ಎಲ್ಲಿಂದ ಬಂತು? ಬಟ್ಟೆ ಬದಲಿಸಿ ಕೈ ತೊಳೆದರೆ ಮುಗಿಯಿತು, ಪೂಜೆ ನಿಲ್ಲಬೇಕಾಗಿಲ್ಲ. ಹಾಗೆಯೇ, ಆರೈಕೆಯನ್ನೆಲ್ಲ ಸೊಸೆಯ ತಲೆಗೆ ಕಟ್ಟಿ ಅದನ್ನು ಕಾಯಕವೆಂದು ಹೊಗಳಿದರೆ ಸಾಲದು. ಗಂಡುಮಕ್ಕಳೂ ಆ ಬಟ್ಟೆ ಒಗೆಯಬೇಕು.

2024ರಲ್ಲಿ ಸರ್ಕಾರದ ಗೃಹ ಆರೋಗ್ಯ ಯೋಜನೆ ಮೊದಲು ಕಾಲಿಟ್ಟದ್ದು ಕೋಲಾರ ಜಿಲ್ಲೆಗೆ. ರಕ್ತದೊತ್ತಡ, ಸಕ್ಕರೆ ಕಾಯಿಲೆ ವಿಚಾರಿಸಲು ಆರೋಗ್ಯ ಕಾರ್ಯಕರ್ತರು ಬಾಗಿಲಿಗೆ ಬಂದಾಗ ಈ ಮಾತನ್ನೂ ಬಾಯಿಬಿಟ್ಟು ಹೇಳಿ. ಮಠಗಳು ನಾಲ್ಕು ಕಮೋಡ್ ಕುರ್ಚಿ ಕೊಂಡಿಟ್ಟು, ಕೇಳಿದ ಮನೆಗೆ ಜಾತಿ, ಭಾಷೆ ನೋಡದೆ ಎರವಲು ಕೊಡಲಿ. ತಮ್ಮ ಶೌಚಾಲಯಕ್ಕೊಂದು ಹಿಡಿಗಂಬಿ ಹಾಕಿಸಲಿ. ಹಗಲು ಒಬ್ಬಂಟಿಯಾದ ರೋಗಿಯ ಬಳಿ ಒಂದೆರಡು ಗಂಟೆ ಕೂರುವ ತರುಣರನ್ನು ಗೊತ್ತುಮಾಡಲಿ. ಹಸಿದವರಿಗೆ ಅನ್ನವಿಕ್ಕುವುದು ದಾಸೋಹವಾದರೆ ಇದೂ ದಾಸೋಹವೇ.