ದಡವೂ ಕಸಬೂ

ಅಸ್ಸಾಮಿನ ಬ್ರಹ್ಮಪುತ್ರಾ ನದಿಯ ನಡುವಣ ಮಜುಲಿ ದ್ವೀಪದ ಮುಖವಾಡದ ಕಸಬಿಗೆ 2024ರಲ್ಲಿ ಭೌಗೋಳಿಕ ಸೂಚಕದ ಮನ್ನಣೆ ದೊರೆತುದು ಸಂತೋಷದ ಸಂಗತಿಯೇ ಸರಿ. ಬಿದಿರಿನ ಹಂದರಕ್ಕೆ ಜೇಡಿಮಣ್ಣಿನಲ್ಲಿ ಅದ್ದಿದ ಬಟ್ಟೆಯನ್ನು ಹೊದಿಸಿ, ಮಣ್ಣು ಸೆಗಣಿಗಳಿಂದ ರಾವಣ ನರಸಿಂಹರ ಮುಖಗಳನ್ನು ಮೂಡಿಸುವ ಈ ವಿದ್ಯೆಯು ಶಂಕರದೇವರ ಪರಂಪರೆಯ ಸತ್ರಗಳ ಆಶ್ರಯದಲ್ಲಿ ಬೆಳೆದುಬಂದುದು.

ಆದರೆ ಮನ್ನಣೆಯೊಂದರಿಂದಲೇ ಒಲೆ ಉರಿಯದು. ಅದೇ ದ್ವೀಪದ ಸಾಲ್ಮೋರಾದಲ್ಲಿ ಕುಂಬಾರ ಹೆಂಗಸರು ತಿಗರಿಯಿಲ್ಲದೆ ಕೈಯಿಂದಲೇ ತಟ್ಟಿ ಮಾಡುವ ಮಡಕೆಗಳು ದೋಣಿಯೇರಿ ಹೋಗಿ, ಭತ್ತವಾಗಿ ಮರಳುವ ವಾಡಿಕೆಯುಂಟು. ಅವರಿಗೆ ಬೇಕಾದ ಮಣ್ಣಿರುವುದು ನದಿಯ ದಡದಲ್ಲಿ. ಆ ದಡವನ್ನೇ ನದಿಯು ನುಂಗುತ್ತಲಿದೆ. ದಡ ಉಳಿಯಬೇಕಾದರೆ ಅಲ್ಲಿ ಅಗೆಯಬಾರದೆಂಬ ಮಾತು ಅನ್ಯಾಯವಲ್ಲ. ಅಗೆಯದಿದ್ದರೆ ಉಣ್ಣುವುದೇನೆಂಬ ಕುಂಬಾರರ ಪ್ರಶ್ನೆಯಾದರೂ ಅನ್ಯಾಯವೆ?

ಬೇಡವೆನ್ನುವ ಅಧಿಕಾರವೇ ಬೇರೆಡೆಯ ಮಣ್ಣನ್ನೂ ಅದನ್ನು ಸಾಗಿಸುವ ಅನುಕೂಲವನ್ನೂ ಒದಗಿಸತಕ್ಕದ್ದೆಂದು ನಮ್ಮ ಅಭಿಪ್ರಾಯ. ನೆಲವನ್ನು ಕಾಯುವ ಲೆಕ್ಕಪತ್ರದಲ್ಲಿ ಕಸಬಿಗೂ ಒಂದು ಬಾಬು ಇರಲಿ. ದ್ವೀಪವು ಉಳಿದು ಅದರ ಜನರು ಕೂಲಿ ಅರಸಿ ಪರಊರ ಪಾಲಾದರೆ, ನಾವು ಉಳಿಸಿದುದು ಬರಿಯ ಮರಳನ್ನಷ್ಟೆ.