ಮಕ್ಕಳ ಫೋಟೋ ಸೆಷನ್: ಫ್ಲ್ಯಾಶ್‌ಗೆ ಹೆದರಬೇಕೇ? ನಿಜವಾಗಿ ಗಮನಿಸಬೇಕಾದದ್ದು ಏನು?

ಮಗುವಿನ ಮೊದಲ ಹುಟ್ಟುಹಬ್ಬ, ತೊಟ್ಟಿಲು ಶಾಸ್ತ್ರ, ಜಾತ್ರೆಗೆಂದು ಮುಂಬೈಯಿಂದಲೋ ಗಲ್ಫ್‌ನಿಂದಲೋ ಬಂದಿಳಿದ ನೆಂಟರು. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆ ಮನೆಮಂದಿಯೆಲ್ಲ ಸೇರಿ ಫೋಟೋ ತೆಗೆಸಿಕೊಳ್ಳಲು ಇಷ್ಟು ಕಾರಣ ಸಾಕು. ದಿನ ನಿಗದಿಯಾದ ಕೂಡಲೇ ಫ್ಯಾಮಿಲಿ ಗ್ರೂಪಿನಲ್ಲಿ ಎಚ್ಚರಿಕೆಗಳೂ ಶುರುವಾಗುತ್ತವೆ. ಫ್ಲ್ಯಾಶ್ ಬಿದ್ದರೆ ಮಗುವಿನ ಕಣ್ಣು ಹೋಗುತ್ತದಂತೆ, ಮಲಗಿದ ಮಗುವಿನ ಫೋಟೋ ತೆಗೆದರೆ ಆಯುಷ್ಯ ಕಡಿಮೆಯಾಗುತ್ತದಂತೆ!

ಇವುಗಳಲ್ಲಿ ನಿಜವೆಷ್ಟು? ಮಗು ಅಳದೆ, ದೊಡ್ಡವರು ರೇಗದೆ ಫೋಟೋ ಮುಗಿಯಬೇಕಾದರೆ ಏನು ಮಾಡಬೇಕು? ಒಂದೊಂದಾಗಿ ನೋಡೋಣ.

ಫ್ಲ್ಯಾಶ್‌ನಿಂದ ಮಗುವಿನ ದೃಷ್ಟಿ ಹೋಗುತ್ತದೆಯೇ?

ಇಲ್ಲ. 2015ರಲ್ಲಿ ಚೀನಾದ ಮೂರು ತಿಂಗಳ ಮಗುವೊಂದು ಹತ್ತಿರದಿಂದ ಬಿದ್ದ ಫ್ಲ್ಯಾಶ್‌ನಿಂದ ಒಂದು ಕಣ್ಣಿನ ದೃಷ್ಟಿ ಕಳೆದುಕೊಂಡಿತು ಎಂಬ ಸುದ್ದಿ ಜಗತ್ತಿನೆಲ್ಲೆಡೆ ಹರಿದಾಡಿತು. ಇದು ಸಾಧ್ಯವಿಲ್ಲ ಎಂದು ಕಣ್ಣಿನ ತಜ್ಞರು ಆಗಲೇ ಹೇಳಿದ್ದರು. ಆದರೂ ಆ ಕಥೆ ಬೇರೆ ಬೇರೆ ರೂಪದಲ್ಲಿ ಇಂದಿಗೂ ಫಾರ್ವರ್ಡ್ ಆಗುತ್ತಿದೆ.

ಫ್ಲ್ಯಾಶ್‌ನ ಬೆಳಕು ಕ್ಷಣಮಾತ್ರದ್ದು, ಅದೂ ಹರಡಿಕೊಂಡು ಬೀಳುವಂಥದ್ದು. ಅಕ್ಷಿಪಟಲವನ್ನು ಸುಡುವಷ್ಟು ಶಕ್ತಿ ಅದಕ್ಕಿಲ್ಲ. ಅವಧಿಗೆ ಮುನ್ನ ಹುಟ್ಟಿದ ಶಿಶುಗಳ ಕಣ್ಣಿಗೆ ಬೆಳಕು ಬೀಳುವುದನ್ನು ಕನ್ನಡಕದಿಂದ ಕಡಿಮೆ ಮಾಡಿ ನೋಡಿದ ಅಧ್ಯಯನವೊಂದು 1998ರಲ್ಲಿ 'ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್'ನಲ್ಲಿ ಪ್ರಕಟವಾಯಿತು. ಅಂಥ ಶಿಶುಗಳನ್ನು ಕಾಡುವ ಅಕ್ಷಿಪಟಲದ ಕಾಯಿಲೆ ಇದರಿಂದ ಕಡಿಮೆಯಾಗಲಿಲ್ಲ ಎಂದು ಅದು ಕಂಡುಕೊಂಡಿತು.

ಹಾಗೆಂದು ಮುಖದ ಹತ್ತಿರವೇ ಫ್ಲ್ಯಾಶ್ ಹಾರಿಸಬೇಕಾಗಿಲ್ಲ. ಮಗು ಬೆಚ್ಚಿಬೀಳುತ್ತದೆ, ಅಳುತ್ತದೆ, ಅಲ್ಲಿಗೆ ಫೋಟೋ ಕೆಟ್ಟಿತು.

ಫಾರ್ವರ್ಡ್ ಹೇಳದ ಮಾತು: ಬಿಳಿ ಹೊಳಪು

ಫ್ಲ್ಯಾಶ್ ಫೋಟೋದಲ್ಲಿ ಕಣ್ಣಿನ ಪಾಪೆ ಕೆಲವೊಮ್ಮೆ ಕೆಂಪಾಗಿ ಕಾಣುತ್ತದೆ. ಕಣ್ಣಿನ ಹಿಂಭಾಗದ ರಕ್ತನಾಳಗಳಿಂದ ಬೆಳಕು ಪ್ರತಿಫಲಿಸಿದಾಗ ಹಾಗಾಗುತ್ತದೆ, ಅದು ಸಹಜ. ಆದರೆ ಒಂದು ಕಣ್ಣು ಕೆಂಪಾಗಿ, ಇನ್ನೊಂದು ಬಿಳಿ ಅಥವಾ ಹಳದಿಯಾಗಿ ಹೊಳೆಯುತ್ತಿದ್ದರೆ ಉದಾಸೀನ ಬೇಡ. ಕಣ್ಣಿನ ಪೊರೆಯಂಥ ತೊಂದರೆ ಇರಬಹುದು. ಅಪರೂಪಕ್ಕೆ ರೆಟಿನೋಬ್ಲಾಸ್ಟೋಮಾ ಎಂಬ ಕಣ್ಣಿನ ಕ್ಯಾನ್ಸರ್ ಕೂಡ ಇರಬಹುದು. ಸುಮಾರು 15,000ದಿಂದ 20,000 ಶಿಶುಗಳಲ್ಲಿ ಒಂದಕ್ಕೆ ಬರುವ ಈ ಕಾಯಿಲೆ ಹೆಚ್ಚಾಗಿ ಕಾಣಿಸಿಕೊಳ್ಳುವುದು ಐದು ವರ್ಷದೊಳಗೆ. ಬೇಗ ಪತ್ತೆಯಾದರೆ ಜೀವ ಉಳಿಯುತ್ತದೆ, ಎಷ್ಟೋ ಸಲ ಕಣ್ಣೂ ಉಳಿಯುತ್ತದೆ. ಜಗತ್ತಿನ ಅನೇಕ ಕಡೆ ಇದನ್ನು ಮೊದಲು ಗುರುತಿಸಿದ್ದು ಮನೆಯವರೇ, ಮೊಬೈಲ್‌ನಲ್ಲಿ ತೆಗೆದ ಫೋಟೋ ನೋಡಿ.

ಮಗು ಓರೆಯಾಗಿ ನೋಡುತ್ತಿದ್ದಾಗ ಆರೋಗ್ಯವಂತ ಕಣ್ಣೂ ಹೀಗೆ ಹೊಳೆಯುವುದುಂಟು. ಆದ್ದರಿಂದ ಗಾಬರಿ ಬೇಡ. ಆದರೆ ಒಂದೇ ಕಣ್ಣಿನಲ್ಲಿ ಮತ್ತೆ ಮತ್ತೆ ಬಿಳಿ ಹೊಳಪು ಕಂಡರೆ ಆ ಫೋಟೋ ಹಿಡಿದುಕೊಂಡೇ ಕಣ್ಣಿನ ವೈದ್ಯರ ಬಳಿ ಹೋಗಿ, ವಾರಗಟ್ಟಲೆ ಕಾಯಬೇಡಿ. ಮೊಬೈಲ್‌ನ 'ರೆಡ್ ಐ' ತಿದ್ದುವ ಸೌಲಭ್ಯ ಈ ಸುಳಿವನ್ನು ಅಳಿಸಿಬಿಡಬಹುದು ಎಂಬುದೂ ನೆನಪಿರಲಿ. ಅಂಗನವಾಡಿಗೆ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಬಂದಾಗಲೂ ಈ ಅನುಮಾನ ಹೇಳಿಕೊಳ್ಳಬಹುದು. ತಪಾಸಣೆ ಉಚಿತ.

ಮಲಗಿದ ಮಗುವಿನ ಫೋಟೋ ತೆಗೆಯಬಾರದೇ?

ಫೋಟೋಗೂ ಆಯುಷ್ಯಕ್ಕೂ ಸಂಬಂಧವಿಲ್ಲ. ಅಪಾಯ ಇರುವುದು ಭಂಗಿಯಲ್ಲಿ. ಅಂಗೈ ಮೇಲೆ ಗಲ್ಲ ಊರಿ ಕಪ್ಪೆಯಂತೆ ಕುಳಿತ ನವಜಾತ ಶಿಶುವಿನ ಚಿತ್ರ ಇಂಟರ್‌ನೆಟ್‌ನಲ್ಲಿ ನೋಡಿರುತ್ತೀರಿ. ಅನುಭವಿ ಫೋಟೋಗ್ರಾಫರ್‌ಗಳು ಮಗುವನ್ನು ಒಬ್ಬರು ಹಿಡಿದುಕೊಂಡಿರುವಂತೆಯೇ ಎರಡು ಫೋಟೋ ತೆಗೆದು, ಆಮೇಲೆ ಕಂಪ್ಯೂಟರಿನಲ್ಲಿ ಜೋಡಿಸಿ ಆ ಕೈಗಳನ್ನು ಅಳಿಸುತ್ತಾರೆ. ಮನೆಯಲ್ಲಿ ಇದನ್ನು ಪ್ರಯತ್ನಿಸಲೇಬೇಡಿ. ಎಳೆಗೂಸಿಗೆ ಕತ್ತು ನಿಲ್ಲುವುದಿಲ್ಲ, ಗಲ್ಲ ಎದೆಗೆ ಒತ್ತಿದರೆ ಉಸಿರು ಕಟ್ಟಬಹುದು. ಬುಟ್ಟಿಯಲ್ಲಿ ಮಲಗಿಸುವುದಾದರೆ ಬುಟ್ಟಿ ನೆಲದ ಮೇಲಿರಲಿ, ಪಕ್ಕದಲ್ಲೇ ಒಬ್ಬರಿರಲಿ. ಸಡಿಲ ಮಣಿ, ಮುತ್ತಿನ ಸರ, ಬಿಡಿ ಹೂ ಬಾಯಿಗೆ ಸಿಗದಿರಲಿ.

ಕಾಡಿಗೆ ಹಾಕಬಹುದೇ?

ಫೋಟೋ ದಿನ ಅಜ್ಜಿ ಕಾಡಿಗೆ ಡಬ್ಬಿ ತರುವುದು ಸಾಮಾನ್ಯ. ಕೆಲವು ಕಾಡಿಗೆ, ಸುರ್ಮಾಗಳಲ್ಲಿ ಸೀಸ ಇರುತ್ತದೆ. ಅದು ಮಕ್ಕಳ ಮೆದುಳಿನ ಬೆಳವಣಿಗೆಗೆ ಹಾನಿಕರ. ಹಚ್ಚುವ ಬೆರಳಿನಿಂದ ಕಣ್ಣಿಗೆ ಸೋಂಕೂ ತಗಲಬಹುದು. ಅಜ್ಜಿಯ ಮನಸ್ಸು ನೋಯಿಸಬೇಕಿಲ್ಲ, ದೃಷ್ಟಿಬೊಟ್ಟನ್ನು ಕಣ್ಣಿನಿಂದ, ಬಾಯಿಂದ ದೂರವಿಟ್ಟು ಕಿವಿಯ ಹಿಂದೆಯೋ ಅಂಗಾಲಿನಲ್ಲೋ ಇಡಲಿ. ಕ್ಯಾಮೆರಾಕ್ಕೂ ಕಾಣುವುದಿಲ್ಲ.

ಮುಹೂರ್ತ ಮಗುವಿನದ್ದು

ಒಂದರಿಂದ ಎರಡು ವರ್ಷದ ಮಗುವಿಗೆ ದಿನಕ್ಕೆ 11ರಿಂದ 14 ಗಂಟೆ ನಿದ್ದೆ ಬೇಕು, ಹಗಲಿನ ನಿದ್ದೆಯೂ ಸೇರಿ. ಆ ನಿದ್ದೆ ಮುಗಿದು ಹೊಟ್ಟೆ ತುಂಬಿದ ಮೇಲಿನ ಒಂದು ಗಂಟೆ ಫೋಟೋಗೆ ಒಳ್ಳೆಯ ಸಮಯ. ಬೆಳಿಗ್ಗೆ 7.30ರಿಂದ 9, ಸಂಜೆ 4.30ರಿಂದ 6 ಇದಕ್ಕೆ ಹೊಂದುತ್ತದೆ. ಬೆಳಕೂ ಮೃದು, ಸೆಕೆಯೂ ಕಡಿಮೆ. ನಮ್ಮ ಕರಾವಳಿಯ ತೇವದ ಹವೆಯಲ್ಲಿ ಬೆವರು ಆರುವುದಿಲ್ಲ. ಜರಿಯ ಲಂಗ, ವೆಲ್ವೆಟ್ ಕೋಟು ಹತ್ತು ನಿಮಿಷಕ್ಕೇ ಮಗುವನ್ನು ಅಳಿಸುತ್ತವೆ. ಮೊದಲು ಹತ್ತಿ ಬಟ್ಟೆಯಲ್ಲಿ ತೆಗೆಯಿರಿ, ಜರಿ ಕೊನೆಯ ಐದು ನಿಮಿಷಕ್ಕಿರಲಿ.

ಎಂಟು ತಿಂಗಳ ಆಸುಪಾಸಿನಲ್ಲಿ ಮಕ್ಕಳಿಗೆ ಅಪರಿಚಿತರ ಭಯ ಶುರುವಾಗುತ್ತದೆ. ಅದು ಹಟವಲ್ಲ, ಬೆಳವಣಿಗೆಯ ಒಂದು ಹಂತ. ಫೋಟೋಗ್ರಾಫರ್ ಅರ್ಧ ಗಂಟೆ ಮೊದಲೇ ಬಂದು, ಕ್ಯಾಮೆರಾ ಬದಿಗಿಟ್ಟು, ಮನೆಯವರ ಜೊತೆ ಚಹಾ ಕುಡಿಯಲಿ. 'ನಗು, ನಗು' ಎಂದು ಒತ್ತಾಯಿಸಿದರೆ ಬರುವುದು ಹಲ್ಲು ಕಿರಿದ ಮುಖ ಮಾತ್ರ. ನಿಜವಾದ ನಗುವಿನಲ್ಲಿ ಕಣ್ಣಿನ ಸುತ್ತಲ ಸ್ನಾಯುವೂ ಸೇರಿಕೊಳ್ಳುತ್ತದೆ ಎಂದು ಫ್ರಾನ್ಸಿನ ಡುಶೆನ್ 1862ರಷ್ಟು ಹಿಂದೆಯೇ ಬರೆದಿದ್ದರು. ಅದನ್ನು ಆಜ್ಞೆ ಮಾಡಿ ತರಿಸಲಾಗದು. ಮಾವ ಕಣ್ಣಾಮುಚ್ಚಾಲೆ ಆಡಲಿ, ಅಜ್ಜ ಹೆಗಲ ಮೇಲೆ ಕೂರಿಸಿಕೊಳ್ಳಲಿ. ನಗು ತಾನೇ ಬರುತ್ತದೆ.

ಜಾಗ ಯಾವುದು?

ಬಹಳ ಸಲ ಮನೆಯ ಜಗಲಿಯೇ ಸಾಕು. ಹೆಂಚಿನ ಮಾಡಿನ ನೆರಳು, ಎದುರಿನ ಅಂಗಳದಿಂದ ಬರುವ ಬೆಳಕು ಎರಡೂ ಸೇರಿ ಮುಖದ ಮೇಲೆ ಹದವಾಗಿ ಬೀಳುತ್ತದೆ. ಅಡಿಕೆ ತೋಟ ಚಂದ, ಆದರೆ ಸೋಗೆಗಳ ನಡುವಿನಿಂದ ಬೀಳುವ ಬಿಸಿಲು ಮುಖದ ತುಂಬ ಚುಕ್ಕೆ ಮೂಡಿಸುತ್ತದೆ. ಸೊಳ್ಳೆಯೂ ಇರುತ್ತದೆ, ತುಂಬು ತೋಳಿನ ಬಟ್ಟೆ ಹಾಕಿ.

ಹೊರಗೆ ಹೋಗುವುದಾದರೆ, 1430ರಲ್ಲಿ ಕಟ್ಟಿದ ಮೂಡುಬಿದಿರೆಯ ಸಾವಿರ ಕಂಬದ ಬಸದಿ, 1604ರಲ್ಲಿ ಪ್ರತಿಷ್ಠಾಪನೆಯಾದ ವೇಣೂರಿನ ಗೊಮ್ಮಟ ಕಣ್ಣಿಗೆ ಹಬ್ಬ. ಆದರೆ ಅವು ಪೂಜಾಸ್ಥಳಗಳು. ಫೋಟೋಗೆ ಮೊದಲು ಅನುಮತಿ ಕೇಳಿ. ಮಧ್ಯಾಹ್ನ ಹೋದರೆ ಕಾದ ಕಲ್ಲಿನ ಮೇಲೆ ಮಗುವಿನ ಬರಿಗಾಲು ಸುಡುತ್ತದೆ. ಬಂಟ್ವಾಳದ ಕಾರಿಂಜದಲ್ಲಿ ಮಂಗಗಳು ಬಹಳ, ಮಗುವಿನ ಕೈಯಲ್ಲಿ ಬಿಸ್ಕತ್ತು ಬೇಡ. ಬೆಳ್ತಂಗಡಿಯ ಗಡಾಯಿಕಲ್ಲಿನ ಕಡಿದಾದ ಮೆಟ್ಟಿಲು ಪುಟಾಣಿಗಳಿಗಲ್ಲ, ದೂರದಿಂದ ಹಿನ್ನೆಲೆಯಾಗಿ ಇರಲಿ.

ನೇತ್ರಾವತಿಯ ಬಂಡೆಗಳ ಬಗ್ಗೆ ಮಾತ್ರ ಒತ್ತಿ ಹೇಳುತ್ತೇವೆ. ಘಟ್ಟದಲ್ಲಿ ಮಳೆ ಸುರಿದರೆ ಇಲ್ಲಿ ಬಿಸಿಲಿದ್ದರೂ ನೀರು ಏರಬಹುದು. ಪಾಚಿ ಕಟ್ಟಿದ ಬಂಡೆ ದೊಡ್ಡವರನ್ನೂ ಜಾರಿಸುತ್ತದೆ. ಎಲ್ಲರೂ ಕ್ಯಾಮೆರಾ ನೋಡುತ್ತಿರುವಾಗ ಮಗುವನ್ನು ನೋಡುವವರು ಯಾರೂ ಇರುವುದಿಲ್ಲ. ಆದ್ದರಿಂದ ಯಾವ ಜಾಗವಾದರೂ ಸರಿ, ಫೋಟೋದಲ್ಲಿ ಇಲ್ಲದ ಒಬ್ಬ ದೊಡ್ಡವರಿಗೆ ಮಗುವನ್ನು ಕಾಯುವುದೊಂದೇ ಕೆಲಸವಿರಲಿ.

ಕೊನೆಗೆ, ಹಂಚುವ ಮುನ್ನ

ಮಗುವಿನ ಸ್ನಾನದ ಫೋಟೋ, ಶಾಲೆಯ ಹೆಸರು ಕಾಣುವ ಫೋಟೋ ದೊಡ್ಡ ಗ್ರೂಪುಗಳಿಗೆ ಬೇಡ. ಫೋಟೋವನ್ನು 'ಡಾಕ್ಯುಮೆಂಟ್' ಆಗಿ ಕಳಿಸಿದರೆ, ಅದನ್ನು ತೆಗೆದ ಜಾಗದ ವಿವರವೂ ಜೊತೆಗೆ ಹೋಗಬಹುದು.

ನಮ್ಮ ತೀರ್ಮಾನ: ಫ್ಲ್ಯಾಶ್‌ನಿಂದ ಕಣ್ಣು ಹೋಗುತ್ತದೆ ಎಂಬುದು ಸುಳ್ಳು. ಆ ಸಂದೇಶ ಮತ್ತೆ ಬಂದರೆ ಮುಂದಕ್ಕೆ ಕಳಿಸಬೇಡಿ. ಅದರ ಬದಲು ನಿಮ್ಮ ಮೊಬೈಲ್‌ನಲ್ಲಿರುವ ಮಗುವಿನ ಹಳೆಯ ಫ್ಲ್ಯಾಶ್ ಫೋಟೋಗಳನ್ನು ಇವತ್ತೇ ಒಮ್ಮೆ ತೆರೆದು, ಎರಡೂ ಕಣ್ಣುಗಳನ್ನು ದೊಡ್ಡದು ಮಾಡಿ ನೋಡಿ. ಎರಡು ನಿಮಿಷದ ಕೆಲಸ.